ಅಂಟು ಕಚ್ಚಿಕೊಳ್ಳುವಷ್ಟು ಹೊತ್ತು

ಒಬ್ಬೊಬ್ಬರ ಹೊಟ್ಟೆಯಲ್ಲಿ ಒಂದೊಂದು ಗುಟ್ಟು ಇರುತ್ತದೆ. ಕೆಲವರದು ಹಗುರ, ಕೆಲವರದು ಭಾರ. ಈ ಬಡಗಿಯ ಗುಟ್ಟು ಸರಿಯಾಗಿ ಮೂರು ಕಿಲೋ ತೂಗುತ್ತಿತ್ತು. ಅದು ಒಂದು ಇಸ್ತ್ರಿಪೆಟ್ಟಿಗೆ.

ಪೆಟ್ಟಿಗೆ ಅವನ ಹೆಂಡತಿಯ ತಾಯಿಯದು. ಬಟ್ಟೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ ಹೆಂಗಸು ಆಕೆ. ಚಿಕ್ಕವಳು ಬಡಗಿಯ ಹೆಂಡತಿ. ದೊಡ್ಡವಳನ್ನು ಗಡಿಯಾರ ರಿಪೇರಿ ಮಾಡುವವನೊಬ್ಬನಿಗೆ ಕೊಟ್ಟಿತ್ತು. ಹನ್ನೊಂದು ವರ್ಷದ ಹಿಂದೆ ಬಡಗಿಯ ಅಂಗಡಿಗೆ ಹೊಸದೊಂದು ಸಾಮಾನು ಬಂತು. ಪ್ಲೈವುಡ್ ಹಲಗೆಯ ಅಂಚು ಮುಚ್ಚುವ ತೆಳುವಾದ ಪಟ್ಟಿ, ಸುರುಳಿ ಸುರುಳಿಯಾಗಿ. ಅದರ ಬೆನ್ನಿಗೆ ಒಣ ಅಂಟು ಬಳಿದಿರುತ್ತದೆ. ಮೇಲಿನಿಂದ ಬಿಸಿ ಇಸ್ತ್ರಿ ಎಳೆದರೆ ಅಂಟು ಕರಗಿ ಹಲಗೆಗೆ ಕಚ್ಚಿಕೊಳ್ಳುತ್ತದೆ. ಬಡಗಿ ಯಾರಿಗೂ ಹೇಳದೆ ಅತ್ತೆಯ ಇಸ್ತ್ರಿಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಒಯ್ದ. ಸಂಜೆಯೊಳಗೆ ತಂದಿಟ್ಟರಾಯಿತು ಎಂದುಕೊಂಡ. ಪಟ್ಟಿಯನ್ನು ತಲೆಕೆಳಗಾಗಿ ಇಟ್ಟ. ಅಂಟಿನ ಮೇಲೆಯೇ ಇಸ್ತ್ರಿ ಎಳೆದ. ಅಂಟು ಹಲಗೆಯನ್ನು ಬಿಟ್ಟು ಪೆಟ್ಟಿಗೆಯ ತಳವನ್ನು ಹಿಡಿಯಿತು, ಹಿಡಿದು ಸುಟ್ಟು ಕಪ್ಪಾಯಿತು. ಗಾಬರಿಯಲ್ಲಿ ಉಳಿ ತೆಗೆದುಕೊಂಡು ಕೆರೆದ. ಕನ್ನಡಿಯಂತಿದ್ದ ತಳ ಉತ್ತ ಹೊಲದಂತಾಯಿತು.

ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಅಂಗಡಿಯಲ್ಲಿದ್ದ ಮರದ ಚೂರುಗಳ ಡಬ್ಬದಲ್ಲಿ ಹೂತ. ಅದೇ ವಾರ ಅತ್ತೆ ತೀರಿಕೊಂಡಳು.

ತಾಯಿಯ ಸಾಮಾನನ್ನು ಅಕ್ಕತಂಗಿಯರು ಹಂಚಿಕೊಂಡರು. ಹೊಲಿಗೆ ಯಂತ್ರ ಚಿಕ್ಕವಳಿಗೆ, ಕನ್ನಡಿ ದೊಡ್ಡವಳಿಗೆ, ಕತ್ತರಿ ಇಬ್ಬರಿಗೂ ಒಂದೊಂದು. ಇಸ್ತ್ರಿಪೆಟ್ಟಿಗೆ ಮಾತ್ರ ಇಲ್ಲ.

"ನೀನೇ ಮೊದಲು ಬಂದವಳು," ಎಂದಳು ದೊಡ್ಡವಳು.

"ನೀನೇ ಕೊನೆಗೆ ಹೋದವಳು," ಎಂದಳು ಚಿಕ್ಕವಳು.

ಬಡಗಿ ಪಕ್ಕದಲ್ಲೇ ನಿಂತಿದ್ದ. ಬಾಯಿ ತೆರೆದ. ಇಬ್ಬರ ಮುಖ ನೋಡಿದ. ಬಾಯಿ ಮುಚ್ಚಿದ. ಆ ವಿಷಯಕ್ಕೆ ಮುಚ್ಚಿದ ಬಾಯಿ ಹನ್ನೊಂದು ವರ್ಷ ಮುಚ್ಚಿಯೇ ಇತ್ತು, ಅಕ್ಕತಂಗಿಯರ ನಡುವಿನ ಮಾತೂ ಅಷ್ಟೇ ವರ್ಷ ನಿಂತಿತ್ತು.

ಹಾಗೆಂದು ಬಡಗಿ ಕೆಟ್ಟವನೆಂದು ತಿಳಿಯಬಾರದು. ದೇವರಲ್ಲಿ ಅವನಿಗಿದ್ದ ಭಕ್ತಿ ಎಂಥದೆಂದರೆ, ಹೊತ್ತನ್ನೂ ಅವನು ಜಪಮಾಲೆಯಿಂದಲೇ ಅಳೆಯುತ್ತಿದ್ದ. ಕೈಗಡಿಯಾರ ಕಟ್ಟಿದರೆ ಮರದ ಹೊಟ್ಟು ತುಂಬಿ ನಿಲ್ಲುತ್ತದೆ, ಮಾಲೆ ನಿಲ್ಲುವುದಿಲ್ಲ. ನೂರು ಮಣಿಯ ಮಾಲೆ. ಒಂದು ಮಣಿಗೆ ಒಂದು ಉಸಿರು, ಒಂದು ಉಸಿರಿಗೆ ಒಂದು ಸಲ ದೇವರ ಹೆಸರು. ಚಹಾ ಕುದಿಯಲು ಅರ್ಧ ಸುತ್ತು. ಅಂಗಡಿಯಿಂದ ಮನೆಗೆ ನಡೆಯಲು ಒಂದು ಸುತ್ತು. ಹಲಗೆಯ ಅಂಚಿಗೆ ಮರದ ಪಟ್ಟಿ ಅಂಟಿಸಿ ಬಿಗಿ ಹಾಕಿದರೆ ಮೂರು ಸುತ್ತು, ಆಮೇಲೆ ಬಿಗಿ ಬಿಚ್ಚಬಹುದು. ಅಂಟಿನ ಡಬ್ಬಿಯ ಮೇಲೆ ಬರೆದ ನಿಮಿಷಕ್ಕೂ ಅವನ ಮೂರು ಸುತ್ತಿಗೂ ತಾಳೆಯಾಗುತ್ತಿತ್ತು. ಅಂಟು ತಯಾರಿಸಿದವನೂ ಒಬ್ಬ ಭಕ್ತನೇ ಇರಬೇಕು ಎಂದು ಬಡಗಿ ನಂಬಿದ್ದ.

ಈ ಲೆಕ್ಕಕ್ಕೆ ಒಂದೇ ಕುಂದು. ಮನಸ್ಸು ತಿಳಿಯಾಗಿದ್ದರೆ ಉಸಿರು ನಿಧಾನ, ಮಣಿಯೂ ನಿಧಾನ. ಮನಸ್ಸು ಕದಡಿದರೆ ಮಣಿಗಳು ಬೆಟ್ಟ ಇಳಿಯುವ ಮೇಕೆಗಳಂತೆ ಓಡುತ್ತಿದ್ದವು.

ಹೀಗಿರುವಾಗ ಒಂದು ಬುಧವಾರ ದೊಡ್ಡವಳು ಹೇಳಿಕಳಿಸಿದ ಮಾತು ಬಂತು: "ಭಾನುವಾರ ಹನ್ನೊಂದೂವರೆಗೆ ಬರ್ತೀವಿ. ಒಂದು ಮಾತು ಹೇಳೋದಿದೆ. ಊಟ ಅಲ್ಲೇ."

ಹೆಂಡತಿ ಕೂತಳು. ಆಮೇಲೆ ಎದ್ದಳು. ಆಮೇಲೆ ಮನೆಯನ್ನೆಲ್ಲ ಒಂದು ಸಲ ಕಣ್ಣಲ್ಲೇ ಗುಡಿಸಿದಳು.

"ರೀ."

"ಹೂಂ."

"ಊರಲ್ಲಿರೋ ಅರ್ಧ ಮೇಜು ನೀವು ಮಾಡಿದ್ದು, ಅಲ್ವಾ?"

"ಏನೋ, ದೇವರು ಮಾಡಿಸಿದ."

"ನಮ್ಮನೇಲಿ ಮೇಜು ಎಲ್ಲಿದೆ?"

ಬಡಗಿ ಅತ್ತಿತ್ತ ನೋಡಿದ, ಎಲ್ಲಾದರೂ ಇಟ್ಟು ಮರೆತಿದ್ದೇನೋ ಎಂಬಂತೆ. ಇಪ್ಪತ್ತೆರಡು ವರ್ಷದಿಂದ ಅವರು, ಹೆಂಡತಿ ಬಟ್ಟೆ ಕತ್ತರಿಸುವ ಹಲಗೆಯ ಮೇಲೆಯೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಒಮ್ಮೊಮ್ಮೆ ತುತ್ತಿನಲ್ಲಿ ದಾರ ಸಿಗುತ್ತಿತ್ತು.

"ಭಾನುವಾರಕ್ಕೆ ಮೇಜು ಬೇಕು. ನಾಲ್ಕು ಜನ ಕೂತು ಉಣ್ಣೋ ಅಂಥದ್ದು. ಅವಳು ಬಂದು 'ಅಯ್ಯೋ ಪಾಪ' ಅಂತ ಒಂದೇ ಒಂದು ಸಲ ಅಂದ್ರೂ ನಾನು ಸುಮ್ನಿರಲ್ಲ, ಹೇಳಿದೀನಿ." ಆಮೇಲೆ ಅವಳ ದನಿ ಇಳಿಯಿತು. "ನಾನೂ ಅವಳಿಗೆ ಒಂದು ಮಾತು ಹೇಳ್ಬೇಕು ಅಂತಿದೀನಿ. ಆ ಇಸ್ತ್ರಿಪೆಟ್ಟಿಗೆ ನೀನೇ ಇಟ್ಕೋ ಅಕ್ಕ, ಕದ್ದಿದ್ದು ಕದ್ದೆ, ನಾನು ಕ್ಷಮಿಸಿದೀನಿ ಅಂತ. ಎಷ್ಟಂದ್ರೂ ಒಡಹುಟ್ಟಿದವಳು."

ಬಡಗಿಯ ಕೈಯಲ್ಲಿದ್ದ ಲೋಟದ ನೀರು ಅಂಗಿಯ ಮೇಲೆ ಬಿತ್ತು. ಈ ಕ್ಷಮೆ ಹೋಗಿ ದೊಡ್ಡವಳಿಗೆ ಬಡಿದರೆ ಏನಾಗುತ್ತದೆಂದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕದಿಯದವಳನ್ನು ಕ್ಷಮಿಸಿದರೆ ಅವಳು ಎದ್ದು ಹೋಗುತ್ತಾಳೆ, ಮತ್ತೆ ಈ ಬಾಗಿಲು ತುಳಿಯುವುದಿಲ್ಲ. ಹೇಳಿಬಿಡಲೇ? ಹೇಳಿದರೆ ಇವಳು ತನ್ನನ್ನು ಬಿಡುವುದಿಲ್ಲ. ಕೊನೆಗೆ ಅವನು ಹೆದರಿದ ಗಂಡಸರು ಮಾಡುವ ಕೆಲಸವನ್ನೇ ಮಾಡಿದ, ಎದ್ದು ಕೆಲಸಕ್ಕೆ ಹೊರಟ. ಕಂಡವರ ಬಾಯಿ ಕಟ್ಟುವಂಥ ಮೇಜು ಮಾಡಿಬಿಟ್ಟರೆ ಮಾತೆಲ್ಲ ಮೇಜಿನ ಸುತ್ತಲೇ ಸುತ್ತುತ್ತದೆ, ಪೆಟ್ಟಿಗೆಯ ನೆನಪು ಯಾರಿಗೂ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಮೂರು ದಿನದಲ್ಲಿ ಕಾಲುಗಳು ನಿಂತವು, ಚೌಕಟ್ಟು ಕೂತಿತು. ಮೇಲಿನ ಹಲಗೆ ಆರಡಿ ಉದ್ದದ ಪ್ಲೈವುಡ್. ಮೇಲ್ಮೈ ಚೆಂದ, ಆದರೆ ಅಂಚು ನೋಡಿದರೆ ನೆಂದ ಪುಸ್ತಕದ ಬದಿಯಂತೆ ಪದರ ಪದರ. ಆ ಪದರಗಳನ್ನು ಬರಿಗಣ್ಣಿಗೆ ಬಿಡುವುದೆಂದರೆ ಬಡಗಿಗೆ ಒಳ ಅಂಗಿಯಲ್ಲಿ ಬೀದಿಗೆ ಹೋದಷ್ಟು ನಾಚಿಕೆ. ಹೆಬ್ಬೆರಳು ದಪ್ಪದ ನಾಲ್ಕು ತೇಗದ ಪಟ್ಟಿ ಸೀಳಿದ. ಎಳೆ ಎಳೆ ಹೊಂದುವಂತೆ ತಿರುಗಿಸಿ ಮುರುಗಿಸಿ ಜೋಡಿಸಿದ. ಮೂಲೆಯಲ್ಲಿ ಎರಡು ಪಟ್ಟಿ ಸೇರುವ ಕಡೆ ಓರೆಯಾಗಿ ಕೊಯ್ದು, ಕೂದಲು ತೂರದಂತೆ ಕೂರಿಸಿದ. ಅಂಟಿಸುವುದೊಂದು ಬಾಕಿ.

ಅಂಟು ಹಾಕಿದ ಮೇಲೆ ಬಿಗಿಹಿಡಿಯಲು ಕಬ್ಬಿಣದ ಕ್ಲ್ಯಾಂಪುಗಳು ಬೇಕು. ಅವನ ಹದಿನಾಲ್ಕು ಕ್ಲ್ಯಾಂಪೂ ಅಂಗಡಿಯಲ್ಲಿ ಶಾಲೆಯ ಕಪಾಟುಗಳನ್ನು ಕಚ್ಚಿಕೊಂಡು ಕೂತಿದ್ದವು. ಭಾನುವಾರ ಸಂಜೆಗೆ ಮೊದಲು ಬಿಚ್ಚುವಂತಿಲ್ಲ.

"ಊರಿನ ಕೆಲಸಕ್ಕೆ ಕಬ್ಬಿಣ, ಮನೆ ಕೆಲಸಕ್ಕೆ ಹಗ್ಗ," ಎಂದಳು ಹೆಂಡತಿ. ಹಗ್ಗವೇ ಆಯಿತು. ಭಾನುವಾರ ಬೆಳಿಗ್ಗೆ ನಾಲ್ಕು ಅಂಚಿಗೂ ಬಿಳಿ ಅಂಟು ಬಳಿದು, ಪಟ್ಟಿ ಕೂರಿಸಿ, ಸುತ್ತ ಹಗ್ಗ ಹಾಕಿ, ನಡುವೆ ಕೋಲು ತೂರಿಸಿ ತಿರುವಿ ಬಿಗಿದ. ಮಾಲೆ ಹಿಡಿದ. ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದರೆ ದೇವರ ಬದಲು ಹೆಂಡತಿಯ ಅಕ್ಕನ ಮುಖ ಬಂತು. ನಾಲಿಗೆಗೆ ಕಾಲು ಮೂಡಿತು. ಮೂರು ಸುತ್ತು ಮುಗಿಸಿ, ಹಗ್ಗ ಬಿಚ್ಚಿ, ತೃಪ್ತಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಉದ್ದದ ಪಟ್ಟಿಯೊಂದು ಮೆಲ್ಲಗೆ ಬಾಗಿ ನಮಸ್ಕಾರ ಮಾಡಿ ಅವನ ಕಾಲಬೆರಳ ಮೇಲೆ ಬಿತ್ತು.

ಸದ್ದಿಗೆ ಹೆಂಡತಿ ಅಡುಗೆಮನೆಯಿಂದ ಬಂದಳು. "ಮೂರು ಸುತ್ತು ಆಯ್ತಾ?"

"ಆಯ್ತು," ಎಂದ, ಬೆರಳು ಹಿಡಿದು ಒಂಟಿಕಾಲಲ್ಲಿ ಕುಣಿಯುತ್ತ.

"ನೀವು ಶುರು ಮಾಡಿದಾಗ ನಾನು ಆಲೂಗಡ್ಡೆ ಒಲೆ ಮೇಲಿಟ್ಟೆ. ನೀರು ಇನ್ನೂ ಬೆಚ್ಚಗೂ ಆಗಿಲ್ಲ. ನೀವು ದೇವರ ಹೆಸರು ಹೇಳ್ತಿದ್ರೋ, ಕೋಲು ಹಿಡ್ಕೊಂಡು ದೇವರನ್ನ ಅಟ್ಟಿಸ್ಕೊಂಡು ಹೋಗ್ತಿದ್ರೋ?"

ಬಡಗಿ ಉಳಿದ ಮೂರು ಪಟ್ಟಿಯನ್ನೂ ಕಿತ್ತ. ಒದ್ದೆ ಬಟ್ಟೆಯಲ್ಲಿ ಅಂಟು ಒರೆಸಿದ, ಉಳಿದದ್ದನ್ನು ಕೆರೆದ, ಒಣಗಲು ಬಿಟ್ಟ, ಮರಳುಕಾಗದ ಉಜ್ಜಿದ, ಮತ್ತೆ ಅಂಟು ಬಳಿದ. ಅಷ್ಟರಲ್ಲಿ ಹನ್ನೊಂದು ದಾಟಿತ್ತು. ಈ ಸಲ ಹಗ್ಗವನ್ನು ಬಿಗಿದ, ಇನ್ನೂ ಬಿಗಿದ, ಮನಸ್ಸಿನ ಭಯವನ್ನೆಲ್ಲ ಕೋಲಿಗೆ ಹಾಕಿ ಇನ್ನೊಂದು ಸುತ್ತು ತಿರುವಿದ. ಹಗ್ಗ ಟಪ್ಪನೆ ಹರಿದು, ತುದಿ ಹಾರಿ ಹೋಗಿ ಗೋಡೆಯ ಕ್ಯಾಲೆಂಡರಿಗೆ ಬಾರಿಸಿತು.

"ರೀ! ಬಂದ್ರು! ಗೇಟಿನ ಹೊರಗೆ ನಿಂತಿದಾರೆ!" ಹೆಂಡತಿ ಕಿಟಕಿಯಿಂದ ಪಿಸುಗುಟ್ಟಿದಳು.

"ಒಳಗೆ ಯಾಕೆ ಬರ್ತಿಲ್ಲ?"

"ಇನ್ನೂ ಮೂರು ನಿಮಿಷ ಇದೆ ಅಲ್ವಾ. ಭಾವ ಗಡಿಯಾರ ನೋಡ್ತಿದಾರೆ. ಅಕ್ಕ ಭಾವನ ಮುಖ ನೋಡ್ತಿದಾಳೆ. ಅಬ್ಬಾ, ಎಂಥಾ ನೋಟ!"

ಮೂರು ನಿಮಿಷ. ಅಂಟು ಗಾಳಿಗೆ ಕೆನೆಗಟ್ಟಲು ಹೆಚ್ಚೆಂದರೆ ಹತ್ತು ನಿಮಿಷ. ನಾಲ್ಕು ಅಂಚು, ಎರಡು ಕೈ. ಬಡಗಿ ಪಟ್ಟಿಗಳನ್ನು ಟೇಪಿನ ಚೂರುಗಳಿಂದ ಅಂಟಿಸಿ ನಿಲ್ಲಿಸಿದ. ಒಂದನ್ನು ನಿಲ್ಲಿಸಿದರೆ ಇನ್ನೊಂದು ಜಾರುತ್ತಿತ್ತು. ಸರಿಯಾಗಿ ಹನ್ನೊಂದೂವರೆಗೆ ಬಾಗಿಲು ಬಡಿದ ಸದ್ದಾಯಿತು.

ದೊಡ್ಡವಳು ಒಳಗೆ ಬಂದಳು. ಹನ್ನೊಂದು ವರ್ಷ ಅಭ್ಯಾಸ ಮಾಡಿದ ಗಾಂಭೀರ್ಯ ಮುಖದ ಮೇಲಿತ್ತು. ಹಿಂದೆ ಅವಳ ಗಂಡ, ಕೈಗಡಿಯಾರದ ಮೇಲೆ ಕಣ್ಣಿಟ್ಟು, ಸಮಯಕ್ಕೆ ಸರಿಯಾಗಿ ಬಂದ ಸಂತೋಷದಲ್ಲಿ.

"ನಾನು ಬಂದಿದ್ದು ಯಾಕಂದ್ರೆ," ಎಂದು ಅವಳು ಗಂಟಲು ಸರಿಮಾಡಿಕೊಂಡಳು.

"ಅತ್ತಿಗೆ, ಆಮೇಲೆ!" ಎಂದ ಬಡಗಿ. ಜೀವಮಾನದಲ್ಲಿ ಅವನು ಆಕೆಯ ಮಾತನ್ನು ನಡುವೆ ತಡೆದವನಲ್ಲ. ಅವನ ಬಾಯಿಂದ ಅಂಟು ಮಾತಾಡುತ್ತಿತ್ತು. "ಇಲ್ಲಿ ನಿಲ್ಲಿ. ಈ ಮರದ ರೀಪನ್ನ ಪಟ್ಟಿಗೆ ಆನಿಸಿ ಸೊಂಟದಿಂದ ಒತ್ತಿ. ನಡುವೆ ಪೇಪರ್ ಇರ್ಲಿ, ಇಲ್ದಿದ್ರೆ ನೀವೂ ಅಂಟಿಕೊಳ್ತೀರಿ. ಭಾವ, ನೀವು ಆ ತುದಿ. ಲೇ, ನೀನು ಅಕ್ಕನ ಎದುರಿಗೆ. ಒತ್ತಿ, ಒತ್ತಿ, ಪುಣ್ಯ ಬರುತ್ತೆ!"

ಏನು ಎತ್ತ ಎಂದು ಕೇಳುವ ಮುಂಚೆ ನಾಲ್ವರೂ ಮೇಜಿನ ನಾಲ್ಕು ಬದಿಗೆ ಆತು ನಿಂತಿದ್ದರು. ಗಡಿಯಾರದ ಭಾವ ಒಂದು ತುದಿಗೆ, ಬಡಗಿ ಹೊಟ್ಟೆ ಆನಿಸಿ ಇನ್ನೊಂದು ತುದಿಗೆ, ಉದ್ದದ ಬದಿಗಳಲ್ಲಿ ಅಕ್ಕ ಈಚೆ, ತಂಗಿ ಆಚೆ, ಮುಖಾಮುಖಿ. ಅಕ್ಕ ತಂಗಿಯನ್ನು ಹಿಂದಕ್ಕೆ ತಳ್ಳುವವಳಂತೆ ಒತ್ತಿದಳು. ತಂಗಿ ತಾನೇನು ಕಡಿಮೆ ಎಂದು ಒತ್ತಿದಳು. ಸಂದಿಯುದ್ದಕ್ಕೂ ಅಂಟು ಸಣ್ಣ ಸಣ್ಣ ಮುತ್ತಿನ ಸಾಲಿನಂತೆ ಹೊರಗೆ ಬಂತು. ಒತ್ತಡ ಹದವಾಗಿದೆ ಎನ್ನುವುದಕ್ಕೆ ಅದೇ ಗುರುತು. ಬಡಗಿಯ ಕಣ್ಣು ತುಂಬಿತು. ಹದಿನಾಲ್ಕು ಕ್ಲ್ಯಾಂಪೂ ಸೇರಿ ಒಮ್ಮೆಯೂ ಇಂಥ ಸಾಲು ತಂದಿರಲಿಲ್ಲ.

"ಎಷ್ಟು ಹೊತ್ತು ಹೀಗೆ?" ಎಂದ ಗಡಿಯಾರದ ಭಾವ.

"ಮೂರು ಸುತ್ತು." ಬಡಗಿ ಮಾಲೆ ತೆಗೆದ.

"ನಿಮಿಷದಲ್ಲಿ ಹೇಳು ಮೇಸ್ತ್ರಿ."

"ನಿಮಿಷ ನಂಗೆ ಗೊತ್ತಿಲ್ಲ ಭಾವ, ಮಣಿ ಗೊತ್ತು. ಮುಗಿಯೋವರೆಗೂ ಯಾರೂ ಅಲ್ಲಾಡ್ಬಾರ್ದು. ಒಬ್ರು ಬಿಟ್ರೂ ನಾಲ್ಕು ಕಡೇನೂ ಹೋಯ್ತು."

ಒಂದನೇ ಸುತ್ತು ಮೌನದಲ್ಲಿ ನಡೆಯಿತು. ಎರಡನೆಯದು ಶುರುವಾಗುವಾಗ ದೊಡ್ಡವಳು ಗಂಡನ ಕಡೆ ತಿರುಗಿ ಹೇಳಿದಳು: "ರೀ, ಎದುರಿಗಿರೋರಿಗೆ ಹೇಳಿ, ಅಷ್ಟು ಜೋರಾಗಿ ಒತ್ತಬೇಡಿ ಅಂತ. ನನ್ನ ಸೊಂಟ ಕಬ್ಬಿಣದ್ದಲ್ಲ."

"ಭಾವ, ಅವರಿಗೆ ಹೇಳಿ," ಎಂದಳು ತಂಗಿ, "ಮೊದಲು ಒತ್ತಿದ್ದು ಯಾರು ಅಂತ ನೆನಪಿಸ್ಕೊಳ್ಳಲಿ."

"ಅವರು ಹೇಳ್ತಾರೆ..." ಎಂದು ಭಾವ ಬಾಯಿ ತೆರೆದ.

"ಕೇಳಿಸ್ತು!" ಎಂದರು ಇಬ್ಬರೂ.

ಭಾವ ಬಾಯಿ ಮುಚ್ಚಿ ಕೈಗಡಿಯಾರ ನೋಡಿಕೊಂಡ. ಬಡಗಿ ಮೂವತ್ತನೇ ಮಣಿಯಲ್ಲಿದ್ದ. ಅವನ ತುಟಿ ಅಲ್ಲಾಡುತ್ತಿತ್ತು, ಕಿವಿ ಮಾತ್ರ ನೆಟ್ಟಗಾಗಿತ್ತು.

"ಇರ್ಲಿ," ಎಂದಳು ದೊಡ್ಡವಳು, ಈ ಸಲ ನೇರವಾಗಿ ತಂಗಿಗೆ. "ಜಗಳಕ್ಕೆ ಬಂದಿಲ್ಲ ನಾನು. ಹೇಳೋಕೆ ಬಂದಿದ್ದು ಒಂದೇ ಮಾತು. ವಯಸ್ಸಾಗ್ತಾ ಬಂತು. ಅಮ್ಮನ ಇಸ್ತ್ರಿಪೆಟ್ಟಿಗೆ ನೀನೇ ಇಟ್ಕೋ. ಕದ್ದಿದ್ದಕ್ಕೆ ನಾನು ನಿನ್ನ ಕ್ಷಮಿಸಿದೀನಿ."

ತಂಗಿಯ ಬಾಯಿ ಅರ್ಧ ತೆರೆದು ನಿಂತಿತು. ಅದೇ ಮಾತನ್ನು ತಾನು ಹೇಳಬೇಕೆಂದು ನಾಲ್ಕು ದಿನದಿಂದ ಕಾದಿಟ್ಟಿದ್ದಳು.

"ನನ್ನನ್ನ ಕ್ಷಮಿಸೋಕೆ ನೀನ್ಯಾರೇ? ನಾನು ನಿನ್ನ ಕ್ಷಮಿಸ್ಬೇಕು ಅಂತಿದ್ದೆ! ಆಲೂಗಡ್ಡೆ ಬೇಯಿಸ್ತಾ ಬೇಯಿಸ್ತಾ ಕ್ಷಮಿಸ್ತಾ ಇದ್ದೆ!"

"ಕದ್ದೋಳು ನೀನು, ಕ್ಷಮಿಸೋಳೂ ನೀನೇ! ಚೆನ್ನಾಗಿದೆ ಕಣೇ ನ್ಯಾಯ!"

"ನಾನು ಅದನ್ನ ಮುಟ್ಟೂ ಇಲ್ಲ!"

"ಹಾಗಾದ್ರೆ ಕಾಲು ಬಂದು ಎದ್ದು ಹೋಯ್ತಾ?"

ಒತ್ತಡ ಎಷ್ಟು ಹೆಚ್ಚಿತೆಂದರೆ ಮುತ್ತಿನ ಸಾಲು ಹರಿದು ನೆಲಕ್ಕೆ ತೊಟ್ಟಿಕ್ಕಿತು. ಬಡಗಿಯ ಮಣಿಗಳು ಓಡತೊಡಗಿದವು. ಐವತ್ತು, ಅರವತ್ತು, ಎಪ್ಪತ್ತು.

"ಮೇಸ್ತ್ರಿ, ಮಣಿಗೆ ಏಳು ಸೆಕೆಂಡ್ ಇತ್ತು, ಈಗ ಎರಡಾಗಿದೆ," ಎಂದ ಭಾವ. ಅವನಿಗೆ ಎಲ್ಲೇ ಹೋದರೂ ತಪ್ಪು ನಡೆಯುವ ಗಡಿಯಾರವೇ ಕಾಣುತ್ತಿತ್ತು. "ಹೀಗಾದ್ರೆ ಅಂಟು ನಿಲ್ಲಲ್ಲ."

"ಸಾಕು," ಎಂದಳು ದೊಡ್ಡವಳು. "ಹನ್ನೊಂದು ವರ್ಷ ಆದ್ಮೇಲೆ ಒಂದು ಹೆಜ್ಜೆ ಇಟ್ಟು ಬಂದೆ. ತಪ್ಪಾಯ್ತು. ನಡೀರಿ ಮನೆಗೆ. ಇನ್ನು ಈ ಹೊಸಲು ತುಳಿಯಲ್ಲ." ಅವಳು ಸೊಂಟವನ್ನು ಹಿಂದಕ್ಕೆ ತೆಗೆದಳು.

ಅವಳ ಕಡೆಯ ಪಟ್ಟಿ ಒಂದು ಕೂದಲೆಳೆಯಷ್ಟು ಕೆಳಗೆ ಜಾರಿತು. ಹಾಗೆ ಜಾರಿದ್ದನ್ನು ಬಡಗಿ ಕಣ್ಣಾರೆ ಕಂಡ. ತಂಗಿಯ ಮುಖ ಬಿಳಿಚಿದ್ದನ್ನೂ ಕಂಡ.

"ನಾನು ತಗೊಂಡೆ!" ಎಂದು ಕೂಗಿದ.

ಮೇಜನ್ನು ಉಳಿಸಲು ಕೂಗಿದನೋ, ಅಕ್ಕತಂಗಿಯರನ್ನು ಉಳಿಸಲು ಕೂಗಿದನೋ ಎಂದು ಆಮೇಲೆ ಎಷ್ಟೋ ದಿನ ಅವನು ತನ್ನನ್ನೇ ಕೇಳಿಕೊಂಡದ್ದುಂಟು. ಉತ್ತರ ತಿಳಿದವನು ಮೇಲಿದ್ದಾನೆ. ಅವನೂ ನಕ್ಕು ಸುಮ್ಮನಾಗಿರಬೇಕು.

"ಏನು ತಗೊಂಡ್ರಿ?" ಹೆಂಡತಿಯ ದನಿ ತೀರಾ ಮೃದುವಾಗಿತ್ತು. ಅಷ್ಟು ಮೃದು ದನಿಯನ್ನು ಬಡಗಿ ಮದುವೆಯಾದ ಹೊಸತರಲ್ಲೂ ಕೇಳಿರಲಿಲ್ಲ.

"ಇಸ್ತ್ರಿಪೆಟ್ಟಿಗೆ. ಆದ್ರೆ ಅತ್ತಿಗೆ, ಮೊದಲು ಒತ್ತಿ, ಕೈಮುಗೀತೀನಿ, ಪಟ್ಟಿ ಮೇಲೆತ್ತಿ ಒತ್ತಿ. ಎಲ್ಲಾ ಹೇಳ್ತೀನಿ."

ಅಚ್ಚರಿಯಲ್ಲಿದ್ದವರು ಹೇಳಿದಂತೆ ಕೇಳುತ್ತಾರೆ. ದೊಡ್ಡವಳು ಪಟ್ಟಿಯನ್ನು ಹೆಬ್ಬೆರಳಿಂದ ಮೇಲೆತ್ತಿ, ರೀಪು ಇಟ್ಟು, ಮತ್ತೆ ಸೊಂಟ ಆನಿಸಿದಳು.

ಬಡಗಿ ಹೇಳಿದ. ಸುರುಳಿ ಪಟ್ಟಿ, ಒಣ ಅಂಟು, ತಲೆಕೆಳಗಾಗಿ ಇಟ್ಟದ್ದು, ಹೊಗೆ, ಉಳಿ, ಹಳೆಯ ಬಟ್ಟೆ, ಚೂರುಗಳ ಡಬ್ಬ, ಒಂದೂ ಬಿಡದೆ ಹೇಳಿದ. ವರ್ಷಕ್ಕೊಮ್ಮೆ ಹೊರತೆಗೆದು ತಳ ಉಜ್ಜುತ್ತಿದ್ದುದನ್ನೂ ಹೇಳಿದ. ಹೇಳುತ್ತ ಹೇಳುತ್ತ ಎದೆಯಿಂದ ಮೂರು ಕಿಲೋ ಇಳಿದಂತಾಗಿ ಅವನ ಮುಖದಲ್ಲಿ ಒಂದು ಬೆಳಕು ಬಂತು. ಆ ಬೆಳಕು ಬೇರೆ ಯಾರ ಮುಖದಲ್ಲೂ ಇರಲಿಲ್ಲ.

"ಅಕ್ಕಾ," ಎಂದಳು ಹೆಂಡತಿ ನಿಧಾನವಾಗಿ. "ಕೇಳಿದ್ಯಾ?"

"ಕೇಳಿದೆ ಕಣೇ."

"ಹನ್ನೊಂದು ವರ್ಷ ಇವರ ಪಕ್ಕದಲ್ಲಿ ಕೂತು ನಿನ್ನ ಬೈದಿದೀನಿ. 'ಹೂಂ ಹೂಂ' ಅಂತ ತಲೆ ಆಡಿಸ್ತಿದ್ರು!"

"ತಲೆ ಆಡಿಸ್ತಿದ್ರಾ!"

"ಒಂದು ಸಲ 'ಪಾಪ, ಏನೋ ಆಸೆ ಪಟ್ಟಿರ್ಬೇಕು ಬಿಡು' ಅಂತ ನಿನ್ನ ಪರವಾಗಿ ಬೇರೆ ಮಾತಾಡಿದ್ರು."

ದೊಡ್ಡವಳು ಉಸಿರೆಳೆದುಕೊಂಡಳು. "ನನ್ನ ಪರವಾಗಿ! ಎಷ್ಟು ಒಳ್ಳೆಯವರು! ಮೇಸ್ತ್ರಿಗಳೇ, ಇಷ್ಟು ವರ್ಷ ಜಪ ಜಪ ಅಂತಿದ್ರಲ್ಲ, ಇದಕ್ಕೇನಾ?"

"ಅದಕ್ಕೂ ಸೇರಿಸಿಯೇ ಅತ್ತಿಗೆ," ಎಂದ ಬಡಗಿ ಪ್ರಾಮಾಣಿಕವಾಗಿ.

"ಈ ಕೈ ಖಾಲಿ ಆಗ್ಲಿ," ಎಂದಳು ಹೆಂಡತಿ.

"ನಂದೂ ಖಾಲಿ ಆಗ್ಲಿ," ಎಂದಳು ಅಕ್ಕ. "ನೀನು ಎಡಗಡೆಯಿಂದ ಬಾ, ನಾನು ಬಲಗಡೆಯಿಂದ ಬರ್ತೀನಿ."

ಆಗ ಬಡಗಿಗೆ ಪರಿಸ್ಥಿತಿ ಪೂರ್ತಿ ಅರ್ಥವಾಯಿತು. ಅಂಟು ಹಿಡಿಯುವವರೆಗೆ ಇಬ್ಬರೂ ಅಲ್ಲಾಡುವಂತಿಲ್ಲ. ಅಲ್ಲಿಯವರೆಗೆ ತಾನು ಕ್ಷೇಮ. ಅವನು ಮಾಲೆಯನ್ನು ಮೂರನೇ ಸುತ್ತಿನ ಮೊದಲ ಮಣಿಗೆ ತಂದ. ಎಂದೂ ಇಲ್ಲದ ಭಕ್ತಿ ಉಕ್ಕಿಬಂತು. ದೇವರ ಹೆಸರಿನ ಒಂದೊಂದು ಅಕ್ಷರವನ್ನೂ ಕಲ್ಲುಸಕ್ಕರೆಯಂತೆ ಚೀಪಿ ಚೀಪಿ ಹೇಳಿದ.

ಹೊತ್ತು ಹೋಯಿತು. ಅಕ್ಕತಂಗಿಯರು ಮೊದಲು ಬಡಗಿಯನ್ನು ಬೈದರು. ಬೈಗುಳ ಮುಗಿದ ಮೇಲೆ ಪೆಟ್ಟಿಗೆಯ ಮಾತು ಬಂತು, ಪೆಟ್ಟಿಗೆಯಿಂದ ಅಮ್ಮನ ಮಾತು.

"ಅಮ್ಮ ಇಸ್ತ್ರಿ ಮಾಡೋವಾಗ ಬಾಯಲ್ಲಿ ನೀರು ತುಂಬ್ಕೊಂಡು ಬಟ್ಟೆ ಮೇಲೆ ಊದ್ತಿದ್ಲಲ್ಲ?"

"ಬಟ್ಟೆ ಕೊಟ್ಟೋರು ಬಾಗಿಲಿಗೆ ಬಂದು 'ಆಯ್ತಾ?' ಅಂದ್ರೆ ಬಾಯಿ ಬಿಡೋ ಹಾಗಿಲ್ಲ, 'ಊಂ ಊಂ' ಅಂತ ಕೈ ಆಡಿಸೋಳು!"

"ನೀನು ಬೇಕಂತ ಆವಾಗ್ಲೇ ನಗಿಸ್ತಿದ್ದೆ ಕಣೇ! ಆ ಮೇಷ್ಟ್ರ ಹೊಸ ಅಂಗಿ ನೆನಪಿದೆಯಾ?"

"ಅಂಗಿ ಏನು ಬಂತು, ಒಳಗಿದ್ದ ಮೇಷ್ಟ್ರೇ ನೆನೆದುಹೋದ್ರು!"

ಇಬ್ಬರೂ ಮೇಜಿನ ಮೇಲೆ ಬಗ್ಗಿ ನಕ್ಕರು. ಮೇಜು ಗಡಗಡ ಅಲ್ಲಾಡಿತು. ಬಡಗಿಯ ಜೀವ ಬಾಯಿಗೆ ಬಂತು, ಆದರೆ ನಗು ನಿಲ್ಲಿಸಿ ಎಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪುಣ್ಯಕ್ಕೆ ಪಟ್ಟಿಗಳು ಅಲ್ಲಾಡಲಿಲ್ಲ.

"ಒಂದು ಮಾತು," ಎಂದ ಗಡಿಯಾರದ ಭಾವ. "ನಾವು ನಿಂತು ಐವತ್ತೆರಡು ನಿಮಿಷ ಆಯ್ತು. ಡಬ್ಬಿ ಮೇಲೆ ಮೂವತ್ತೈದು ಅಂತ ಬರೆದಿದೆ, ಇಲ್ಲಿಂದ ಕಾಣಿಸುತ್ತೆ. ಮಣಿ ಒಂದಕ್ಕೆ ಈಗ ಇಪ್ಪತ್ತು ಸೆಕೆಂಡ್ ಆಗ್ತಿದೆ."

"ಭಕ್ತಿ ಬಂದಾಗ ಹಾಗೇ ಭಾವ," ಎಂದ ಬಡಗಿ ಕಣ್ಣು ತೆರೆಯದೆ. "ಅವಸರ ಮಾಡಬಾರ್ದು."

"ಎಷ್ಟನೇ ಮಣಿ?"

"ಎಂಬತ್ತೆರಡು."

"ಐದು ನಿಮಿಷದ ಹಿಂದೇನೂ ಎಂಬತ್ತೆರಡೇ ಇತ್ತಲ್ಲ, ನಾನು ಎಣಿಸ್ತಾ ಇದೀನಿ."

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಅಕ್ಕನ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ಸೊಂಟ ತೆಗೆದರು.

ಪಟ್ಟಿಗಳು ಹಾಗೇ ನಿಂತವು. ಅಂಟಿನ ಮುತ್ತುಗಳು ಗಟ್ಟಿಯಾಗಿದ್ದವು, ಸಂದಿ ಎಲ್ಲಿದೆ ಎಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಬಡಗಿ ಒಂದು ಕ್ಷಣ ತನ್ನ ಪಾಡನ್ನೇ ಮರೆತು, ಬಗ್ಗಿ, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದ. ಆ ಒಂದು ಕ್ಷಣ ಸಾಕಾಯಿತು. ಎಡಗಡೆಯಿಂದ ಹೆಂಡತಿ, ಬಲಗಡೆಯಿಂದ ಅತ್ತಿಗೆ, ಒಬ್ಬೊಬ್ಬರು ಒಂದೊಂದು ಕಿವಿ ಹಿಡಿದಿದ್ದರು.

"ಶಿಕ್ಷೆ ಏನು ಕೊಡೋಣ ಅಕ್ಕ?"

"ಊಟ ಹಾಕದೆ ಇರೋಣ ಅಂದ್ರೆ ಪಾಪ, ಹೊಟ್ಟೆಯಿಂದಾನೇ ಒತ್ತಿದಾರೆ." ದೊಡ್ಡವಳು ಯೋಚಿಸಿದಳು. "ಊಟ ಹಾಕು. ಮೇಜಿನ ಮೇಲೆ ಮಾತ್ರ ಬೇಡ."

ಹಾಗಾಗಿ ಆ ಮೇಜಿನ ಮೊದಲ ಊಟಕ್ಕೆ ಮೂರು ತಟ್ಟೆ ಮೇಲೆ ಬಿದ್ದವು, ನಾಲ್ಕನೆಯದು ಕೆಳಗೆ, ಮೇಜಿನ ಕಾಲಿನ ಪಕ್ಕ. ಬಡಗಿ ನೆಲದ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡ. ಅಲ್ಲಿಂದ ಅವನಿಗೆ ಹಲಗೆಯ ಅಡಿ ಕಾಣುತ್ತಿತ್ತು. ಒಣಗಿದ ಅಂಟಿನ ತೊಟ್ಟುಗಳು, ಅಂಟಿಕೊಂಡುಳಿದ ಒಂದು ಚೂರು ಪೇಪರು, ಅದರಾಚೆ ಇಬ್ಬರು ಹೆಂಗಸರ ನಾಲ್ಕು ಪಾದ. ಒಂದು ಪಾದ ಎದುರಿನ ಪಾದವನ್ನು ಆಗಾಗ ಮೆಲ್ಲಗೆ ಒದೆಯುತ್ತಿತ್ತು. ಮೇಲೆ ನಗು ಕೇಳುತ್ತಿತ್ತು. ಇಷ್ಟು ನೆಮ್ಮದಿಯ ಊಟ ಮಾಡಿ ಎಷ್ಟು ಕಾಲವಾಯಿತೆಂದು ಬಡಗಿ ಎಣಿಸಲು ಹೋಗಲಿಲ್ಲ. ದೇವರು ಮನುಷ್ಯನಿಗೆ ಎಲ್ಲಿ ಜಾಗ ತೋರಿಸುತ್ತಾನೋ ಅಲ್ಲೇ ಚೆಂದ ಎಂದು ಆಲೂಗಡ್ಡೆ ಮುರಿದ.

"ಪೆಟ್ಟಿಗೆ ತಂದ್ಮೇಲೆ ನೀನೇ ಇಟ್ಕೋ ಅಕ್ಕ."

"ಬೇಡಮ್ಮ, ಹೊಲಿಯೋಳು ನೀನು. ನೀನೇ ಇಟ್ಕೋ."

"ನೀನು ದೊಡ್ಡೋಳು. ನಿಂಗೇ ಸೇರ್ಬೇಕು."

"ಬೇಡ ಅಂದ್ರೆ ಬೇಡ. ಕಿವಿ ಕೇಳಲ್ವಾ?"

"ಒಳ್ಳೇ ಮಾತಲ್ಲಿ ಕೊಟ್ರೆ ಯಾಕೆ ಹೀಗಾಡ್ತೀಯಾ?"

ಬಡಗಿ ಅಗಿಯುವುದನ್ನು ನಿಲ್ಲಿಸಿದ. ಮೇಲೆ ಒಂದು ಚಮಚ ತಟ್ಟೆಗೆ ಬಡಿದ ಸದ್ದು ಸ್ವಲ್ಪ ಜೋರಾಗಿಯೇ ಬಂತು. ಒದೆಯುತ್ತಿದ್ದ ಪಾದ ಹಿಂದಕ್ಕೆ ಸರಿಯಿತು.

"ಅದರ ತಳ ಉತ್ತ ಹೊಲದ ಹಾಗಿದೆ," ಎಂದ ಅವನು ಕೆಳಗಿನಿಂದ, ಆದಷ್ಟು ವಿನಯದಿಂದ. "ಇಬ್ರಿಗೂ ಉಪಯೋಗಕ್ಕೆ ಬರಲ್ಲ. ನಾನು ಹೇಳೋದು ಏನಂದ್ರೆ..."

"ನೀವು ಸುಮ್ನಿರಿ!"

ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಮೇಜಿನಡಿಗೆ ಒಂದು ಕೈ ಬಂದು, ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿ ಹೋಯಿತು. ಯಾರ ಕೈ ಎಂದು ಅವನಿಗೆ ತಿಳಿಯಲಿಲ್ಲ. ಅಕ್ಕತಂಗಿಯರ ಕೈಗಳು ಒಂದೇ ಥರ ಇದ್ದವು.